ಹೊಟ್ಟೆ ತೊಳೆಯುವವರಿಗೆ ಒಂದು ಮಾತು

"ನಿಮ್ಮ ಹೊಟ್ಟೆಯನ್ನು ಡಾಕ್ಟರೇ ತೊಳೆಸಲಿಲ್ಲವೇ ಟೀಚರೇ? ಅದನ್ನೇ ನಾವು ಮಾಡಿಸಿದರೆ ತಪ್ಪೇನು?"

ಹೀಗೆ ಕೇಳಿದವರು ನಮ್ಮ ಬಡಾವಣೆಯ ಮಹಿಳಾ ಸಮಾಜದ ಕಾರ್ಯದರ್ಶಿ. ಅವರ ಕೈಯಲ್ಲಿ ಗುಲಾಬಿ ಬಣ್ಣದ ಕರಪತ್ರಗಳ ಒಂದು ಕಟ್ಟು. 'ದೇಹಶುದ್ಧಿ ಶಿಬಿರ' ಎಂದು ದಪ್ಪ ಅಕ್ಷರದಲ್ಲಿ ಅಚ್ಚಾಗಿತ್ತು. ಭಾನುವಾರ ಬೆಳಿಗ್ಗೆ ಐದಕ್ಕೆ ಬರಿಹೊಟ್ಟೆಯಲ್ಲಿ ಬರಬೇಕು. ಉಪ್ಪುನೀರು ಅವರೇ ಕೊಡುತ್ತಾರೆ. ಆಮೇಲೆ ಒಂದು ಪುಡಿ, ಬೇಕಾದವರಿಗೆ ಎನಿಮಾ. ಕರುಳಿನ ಗೋಡೆಗೆ ವರ್ಷಗಟ್ಟಲೆ ಅಂಟಿಕೊಂಡ ಕೊಳೆಯೆಲ್ಲ ಹೊರಗೆ ಬರುತ್ತದಂತೆ, ಮುಖಕ್ಕೆ ಕಾಂತಿ ಬರುತ್ತದಂತೆ, ಮಂಡಿನೋವು ಹೋಗುತ್ತದಂತೆ. ತಿಂಗಳಿಗೊಂದರಂತೆ ಆರು ಸಲ ಮಾಡಿಸಿಕೊಂಡರೆ ಶುಲ್ಕದಲ್ಲಿ ರಿಯಾಯಿತಿಯೂ ಉಂಟು.

ಅಂದು ನನಗೆ ತಟ್ಟನೆ ಉತ್ತರ ಹೊಳೆಯಲಿಲ್ಲ. ಕಾಫಿ ಕೊಟ್ಟು ಕಳಿಸಿಬಿಟ್ಟೆ.

ಅದೇ ವಾರ ನಮಗೆ ರವಿಕೆ ಹೊಲಿದುಕೊಡುವಾಕೆ ಬಂದಿದ್ದಳು. ನಲವತ್ತೈದರ ಹೆಂಗಸು. ಮುಖ ಬಿಳಿಚಿಕೊಂಡಿತ್ತು. ಏನೆಂದು ಒತ್ತಾಯ ಮಾಡಿ ಕೇಳಿದ ಮೇಲೆ ಹೇಳಿದಳು. ಮೂರು ತಿಂಗಳಿಂದ ಮಲದಲ್ಲಿ ರಕ್ತ ಹೋಗುತ್ತಿದೆ. ಡಾಕ್ಟರು ಕೊಲೊನೋಸ್ಕೋಪಿ ಮಾಡಿಸಿ ಎಂದು ಬರೆದುಕೊಟ್ಟಿದ್ದಾರೆ. ಚೀಟಿ ಹೊಲಿಗೆ ಯಂತ್ರದ ಡ್ರಾಯರಿನಲ್ಲಿದೆ. "ಆ ಔಷಧಿ ಕುಡಿದ್ರೆ ಹೊಟ್ಟೇಲಿರೋ ಒಳ್ಳೇ ಬ್ಯಾಕ್ಟೀರಿಯಾ ಎಲ್ಲಾ ಸತ್ತು ಹೋಗ್ತಾವಂತೆ ಟೀಚರಮ್ಮ. ಮತ್ತೆ ಹುಟ್ಟೋದೇ ಇಲ್ವಂತೆ. ಮೊಬೈಲಲ್ಲಿ ಬಂದಿತ್ತು."

ನೋಡಿ, ಎಂಥ ವಿಚಿತ್ರ! ಬೇಡದ ಹೊಟ್ಟೆಯನ್ನು ತೊಳೆಸಿಕೊಳ್ಳಲು ಒಬ್ಬರಿಗೆ ಉತ್ಸಾಹ, ತೊಳೆಸಿಕೊಳ್ಳಲೇಬೇಕಾದ ಇನ್ನೊಬ್ಬಳಿಗೆ ಭಯ. ಇಬ್ಬರ ಕೈಯಲ್ಲೂ ಅರ್ಧರ್ಧ ಸತ್ಯ. ಉಳಿದರ್ಧವನ್ನು ಹೇಳಬೇಕಾದವರು ಬಾಯಿ ಬಿಟ್ಟಿಲ್ಲ. ಆದ್ದರಿಂದ ನಾನೇ ಬರೆಯುತ್ತಿದ್ದೇನೆ. ವಿಷಯ ಅಸಹ್ಯ ಎನ್ನಿಸಿದವರು ಕ್ಷಮಿಸಿ. ಮೂವತ್ತೆರಡು ವರ್ಷ ಹೈಸ್ಕೂಲಿನಲ್ಲಿ ಪಾಠ ಮಾಡಿದವಳು ನಾನು. ಜೀರ್ಣಾಂಗ ವ್ಯೂಹದ ಚಿತ್ರವನ್ನು ಬೋರ್ಡಿನ ಮೇಲೆ ಎಷ್ಟು ಸಲ ಬರೆದಿದ್ದೇನೋ! ಆದರೂ ಮಲ ಎಂಬ ಶಬ್ದವನ್ನು ನನ್ನ ಸ್ವಂತ ಮೈಗೆ ಸಂಬಂಧಿಸಿ ಆಡಲು ನನಗೆ ಅರವತ್ತು ವರ್ಷ ಬೇಕಾಯಿತು. ಆ ನಾಚಿಕೆಗೆ ನಮ್ಮ ಮನೆ ತೆತ್ತ ಬೆಲೆಯನ್ನು ಮೊದಲು ಹೇಳುತ್ತೇನೆ.

ನನ್ನ ಅಕ್ಕ ನನಗಿಂತ ಎಂಟು ವರ್ಷ ದೊಡ್ಡವಳು. ಮಡಿ, ಅಚ್ಚುಕಟ್ಟು ಎಂದರೆ ಅವಳೇ. ಅವಳಿಗೆ ಐವತ್ತಾರು ದಾಟುವ ಹೊತ್ತಿಗೆ ಸುಸ್ತು ಶುರುವಾಯಿತು. ಮೆಟ್ಟಿಲು ಹತ್ತಿದರೆ ಏದುಸಿರು. ರಕ್ತ ಪರೀಕ್ಷೆ ಮಾಡಿಸಿದರೆ ರಕ್ತಹೀನತೆ. "ಹೆಂಗಸರಿಗೆ ಇದೆಲ್ಲ ಮಾಮೂಲಿ" ಎಂದು ಕಬ್ಬಿಣದ ಮಾತ್ರೆ ಬರೆದುಕೊಟ್ಟರು. ಮುಟ್ಟು ನಿಂತು ಐದಾರು ವರ್ಷವಾದ ಹೆಂಗಸಿನ ರಕ್ತ ಎಲ್ಲಿಗೆ ಹೋಗುತ್ತಿದೆ ಎಂದು ಯಾರೂ ಕೇಳಲಿಲ್ಲ. ಅಕ್ಕನಿಗೆ ಗೊತ್ತಿತ್ತು. ಮೂಲವ್ಯಾಧಿ ಎಂದುಕೊಂಡು ಯಾರಿಗೂ ಹೇಳದೆ ತಿಂಗಳಿಗೊಮ್ಮೆ ಹರಳೆಣ್ಣೆ ಕುಡಿದು 'ಹೊಟ್ಟೆ ಶುದ್ಧಿ' ಮಾಡಿಕೊಳ್ಳುತ್ತಿದ್ದಳು. ತನ್ನ ಗಂಡನಿಗೆ ಹೇಳಲಿಲ್ಲ, ಮಗಳಿಗೆ ಹೇಳಲಿಲ್ಲ, ಒಂದೇ ಹಾಸಿಗೆಯಲ್ಲಿ ಮಲಗಿ ಬೆಳೆದ ನನಗೂ ಹೇಳಲಿಲ್ಲ. ಎರಡು ವರ್ಷ! ಕೊನೆಗೆ ಗೊತ್ತಾದಾಗ ದೊಡ್ಡ ಕರುಳಿನ ಕ್ಯಾನ್ಸರ್ ಪಿತ್ತಕೋಶದ ಹತ್ತಿರದ ಯಕೃತ್ತಿಗೂ ಹಬ್ಬಿತ್ತು. 2011ರ ಶ್ರಾವಣದಲ್ಲಿ ಹೋದಳು.

ಅವಳನ್ನು ನೋಡಿದ ವೈದ್ಯರು ಆಗಲೇ ನನಗೆ ಹೇಳಿದ್ದರು, "ಒಡಹುಟ್ಟಿದವರಿಗೆ ಬಂದಿದೆ, ನೀವೂ ಒಮ್ಮೆ ಕೊಲೊನೋಸ್ಕೋಪಿ ಮಾಡಿಸಿಕೊಳ್ಳಿ" ಎಂದು. ಹೂಂ ಎಂದೆ. ಹೂಂ ಎಂದು ಹನ್ನೆರಡು ವರ್ಷ ತಳ್ಳಿದೆ. ಮಗನ ಮದುವೆ, ಸೊಸೆಯ ಬಾಣಂತನ, ಪಿಂಚಣಿ ಕಾಗದ, ಒಂದಲ್ಲ ಒಂದು ನೆಪ. ನಿಜವಾದ ಕಾರಣ ನಾಚಿಕೆ. ಅಕ್ಕ ಸತ್ತದ್ದು ಯಾವುದರಿಂದಲೋ ಅದರಿಂದಲೇ ನಾನೂ ಪಾಠ ಕಲಿಯಲಿಲ್ಲ. ಕೊನೆಗೆ 2023ರಲ್ಲಿ ಅಕ್ಕನ ಮಗಳು ಬಂದು, "ಚಿಕ್ಕಮ್ಮ, ನನಗೆ ಇನ್ನೊಬ್ಬ ಅಮ್ಮನನ್ನೂ ಕಳಕೊಳ್ಳೋಕೆ ಆಗಲ್ಲ" ಎಂದು ಅತ್ತಳು. ಹೊರಟೆ.

ಪರೀಕ್ಷೆಯ ಹಿಂದಿನ ದಿನದ ಕಥೆ ಮಾಡಿಸಿಕೊಂಡವರಿಗೆಲ್ಲ ಗೊತ್ತು. ಎರಡು ಮೂರು ದಿನ ಮೊದಲೇ ಸೊಪ್ಪು, ರಾಗಿ, ಬೀಜವಿರುವ ಹಣ್ಣು ಬಂದ್. ಹಿಂದಿನ ದಿನ ಬರೀ ಗಂಜಿ ತಿಳಿ, ಎಳನೀರು. ಸಂಜೆ ಒಂದು ಪೊಟ್ಟಣದ ಪುಡಿಯನ್ನು ಎರಡು ಲೀಟರ್ ನೀರಿಗೆ ಕದಡಿ, ಎರಡು ಗಂಟೆಯೊಳಗೆ ಕುಡಿದು ಮುಗಿಸಬೇಕು. ಚೀಟಿಯಲ್ಲಿ ಇದ್ದದ್ದು ಇಂಗ್ಲಿಷಿನಲ್ಲಿ. ನಾನೇನೋ ಓದಿಕೊಂಡೆ, ಓದು ಬಾರದವರ ಪಾಡೇನು? ಉಪ್ಪುಪ್ಪು, ಹುಳಿಹುಳಿ, ಎಣ್ಣೆ ಸವರಿದ ಹಾಗೆ ನಾಲಿಗೆಗೆ ಹತ್ತುವ ನೀರು. ನಮ್ಮ ಮನೆಯವರು ಗಡಿಯಾರ ಹಿಡಿದು ಲೋಟ ಲೆಕ್ಕ ಹಾಕುತ್ತ ಕೂತರು. ಐದನೆಯ ಲೋಟಕ್ಕೆ ಅವರನ್ನು ಬೈದೆ. ಆರನೆಯ ಲೋಟದ ಮೇಲೆ ಬೈಯುವುದಕ್ಕೂ ಪುರಸೊತ್ತಿರಲಿಲ್ಲ. ರಾತ್ರಿ ಹನ್ನೊಂದರ ತನಕ ಬಚ್ಚಲಿಗೂ ಮಂಚಕ್ಕೂ ಓಡಾಟ. ಕೊನೆಗೆ ಹೊರಗೆ ಬಂದದ್ದು ತಿಳಿ ಹಳದಿ ನೀರು, ಅಷ್ಟೆ.

ಮಾರನೆಯ ದಿನ ಪರೀಕ್ಷೆ ಸಲೀಸಾಗಿ ಆಯಿತು. ನಿದ್ದೆಯ ಮದ್ದು ಕೊಟ್ಟಿದ್ದರು, ಏನೂ ಗೊತ್ತಾಗಲಿಲ್ಲ. ಕರುಳಿನ ಒಂದು ತಿರುವಿನಲ್ಲಿ ಹುರುಳಿ ಕಾಳಿನಷ್ಟು ಒಂದು ಗಂಟು ಇತ್ತು. ಪಾಲಿಪ್ ಅನ್ನುತ್ತಾರೆ. ಅಲ್ಲೇ ಕತ್ತರಿಸಿ ತೆಗೆದರು. ಪ್ರಯೋಗಾಲಯದ ವರದಿ ಬಂತು: ಕ್ಯಾನ್ಸರ್ ಅಲ್ಲ, ಬಿಟ್ಟಿದ್ದರೆ ಮುಂದೆ ಆಗಬಹುದಾಗಿದ್ದ ಜಾತಿ.

ಇಷ್ಟೂ ಒಳ್ಳೆಯದೇ. ಬೇಜಾರಾದದ್ದು ಆಮೇಲೆ. ಮನೆಗೆ ಹೊರಡುವ ಮುಂಚೆ ಡಾಕ್ಟರನ್ನು ಕೇಳಿದೆ, "ಡಾಕ್ಟ್ರೇ, ಇಷ್ಟೆಲ್ಲ ತೊಳೆದುಹೋಯ್ತಲ್ಲ, ಒಳಗಿದ್ದ ಒಳ್ಳೇ ಸೂಕ್ಷ್ಮಜೀವಿಗಳೂ ಹೋಗಿರ್ತಾವಲ್ಲ, ಮುಂದೇನು?" ಅವರು ನಕ್ಕರು. "ಅದೆಲ್ಲ ನಿಮಗ್ಯಾಕಮ್ಮಾ? ಮಾಮೂಲಿ ಊಟ ಮಾಡಿ." ಆಮೇಲೆ ನಮ್ಮ ಮನೆಯವರ ಕಡೆ ತಿರುಗಿ ಉಳಿದದ್ದನ್ನೆಲ್ಲ ಅವರಿಗೆ ಹೇಳಿದರು. ಹೊಟ್ಟೆ ನನ್ನದು, ವಿವರ ಅವರಿಗೆ! ಹೊರಗೆ ಔಷಧಿ ಅಂಗಡಿಯಲ್ಲಿ ಚೀಟಿ ಕೊಟ್ಟರೆ ಹತ್ತು ಕ್ಯಾಪ್ಸೂಲು ಕಟ್ಟಿಕೊಟ್ಟರು. ಏನಿದು ಎಂದರೆ, "ಒಳ್ಳೇ ಬ್ಯಾಕ್ಟೀರಿಯಾ ಮೇಡಂ."

ಒಳಗಿದ್ದದ್ದು ಏನಾಯಿತು ಎಂದು ಕೇಳಿದರೆ ನನಗ್ಯಾಕೆ. ಹೊರಗಿನದಕ್ಕೆ ದುಡ್ಡು ಕೊಡುವುದಕ್ಕೆ ಮಾತ್ರ ನಾನು ಬೇಕು. ಇದು ಯಾವ ನ್ಯಾಯ, ನೀವೇ ಹೇಳಿ.

ಅಕ್ಕನ ಮಗಳು ಕಾಲೇಜಿನಲ್ಲಿ ಸೂಕ್ಷ್ಮಜೀವಿಶಾಸ್ತ್ರ ಹೇಳಿಕೊಡುತ್ತಾಳೆ. ಡಾಕ್ಟರು ಹೇಳದ್ದನ್ನು ಅವಳಿಂದ ಓದಿಸಿಕೊಂಡೆ. ನನಗೆ ಅರ್ಥವಾದಷ್ಟನ್ನು ನಮ್ಮ ಅಡಿಗೆಮನೆಯ ಭಾಷೆಯಲ್ಲೇ ಹೇಳುತ್ತೇನೆ.

ಒಬ್ಬ ಮನುಷ್ಯನ ಮೈಯಲ್ಲಿ ಬ್ಯಾಕ್ಟೀರಿಯಾ ಎಷ್ಟಿವೆ ಎಂದು 2016ರಲ್ಲಿ ವಿಜ್ಞಾನಿಗಳು ಹೊಸದಾಗಿ ಲೆಕ್ಕ ಹಾಕಿದರು. ಸುಮಾರು 38 ಲಕ್ಷ ಕೋಟಿ. ನಮ್ಮ ಸ್ವಂತ ಜೀವಕೋಶಗಳೇ ಸುಮಾರು 30 ಲಕ್ಷ ಕೋಟಿ ಇರುವುದು! ಈ ಬ್ಯಾಕ್ಟೀರಿಯಾಗಳಲ್ಲಿ ಬಹುಪಾಲು ದೊಡ್ಡ ಕರುಳಿನ ವಾಸಿಗಳು. ಎಲ್ಲವನ್ನೂ ಸೇರಿಸಿ ತೂಗಿದರೆ 200 ಗ್ರಾಂ. ಒಂದು ಲೋಟ ಮೊಸರಿನ ತೂಕ. ನಾವು ಜೀರ್ಣಿಸಿಕೊಳ್ಳಲಾಗದ ನಾರನ್ನು, ಸೊಪ್ಪಿನದು, ಕಾಳಿನದು, ರಾಗಿಯದು, ಇವು ಹುಳಿಬರಿಸಿ ಬ್ಯುಟಿರೇಟ್ ಎಂಬ ಒಂದು ಆಮ್ಲ ಮಾಡುತ್ತವೆ. ಕರುಳಿನ ಒಳಪದರದ ಕೋಶಗಳಿಗೆ ಅದೇ ಮುಖ್ಯ ಆಹಾರ. ಎಂದರೆ ನಾವು ಊಟ ಮಾಡಿ ಇವಕ್ಕೆ ಬಡಿಸುತ್ತೇವೆ, ಇವು ನಮ್ಮ ಕರುಳಿಗೆ ಬಡಿಸುತ್ತವೆ. ಇದನ್ನು ಕೊಳೆ ಎನ್ನಲು ಮನಸ್ಸು ಬರುತ್ತದೆಯೇ?

ಹಾಗಾದರೆ ಆ ಎರಡು ಲೀಟರ್ ನೀರು ಇವಕ್ಕೆ ಏನು ಮಾಡುತ್ತದೆ? ಫಿನ್ಲೆಂಡ್ ಮತ್ತು ಇಂಗ್ಲೆಂಡಿನ ಸಂಶೋಧಕರು ಸೇರಿ ಇದನ್ನೇ ನೋಡಿದರು. 2015ರಲ್ಲಿ 'ಗಟ್' ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಅದು ಅಚ್ಚಾಯಿತು. ಆರೋಗ್ಯವಾಗಿದ್ದ 23 ಮಂದಿಗೆ ಇಂಥದೇ ಔಷಧ ಕುಡಿಸಿ, ಮೊದಲು ಮತ್ತು ಆಮೇಲೆ ಮಲವನ್ನು ಪರೀಕ್ಷಿಸಿದರು. ತೊಳೆದ ಕೂಡಲೇ ಬ್ಯಾಕ್ಟೀರಿಯಾಗಳ ಮೊತ್ತ 31 ಪಟ್ಟು ಇಳಿದಿತ್ತು. 31 ಪಾಲಿನಲ್ಲಿ 30 ಪಾಲು ಹೋಗಿ ಒಂದು ಪಾಲು ಉಳಿಯಿತು ಎನ್ನಿ. ಪ್ರತಿಯೊಬ್ಬರ ಕರುಳಿನ ಬ್ಯಾಕ್ಟೀರಿಯಾ ಸಮೂಹಕ್ಕೂ ಹೆಬ್ಬೆಟ್ಟಿನ ಗುರುತಿನ ಹಾಗೆ ಒಂದು ಚಹರೆ ಇರುತ್ತದೆ. ನೂರಕ್ಕೆ 22 ಮಂದಿಯಲ್ಲಿ ಆ ಚಹರೆಯೇ ಗುರುತು ಸಿಗದಷ್ಟು ಬದಲಾಗಿತ್ತು. ಸಣ್ಣ ಏಟಲ್ಲ ಇದು. "ಏನೂ ಆಗುವುದಿಲ್ಲ" ಎನ್ನುವ ಡಾಕ್ಟರು ಪೂರ್ತಿ ಸತ್ಯ ಹೇಳುತ್ತಿಲ್ಲ.

ಆದರೆ ಕಥೆ ಅಲ್ಲಿಗೆ ಮುಗಿಯಲಿಲ್ಲ. ಹದಿನಾಲ್ಕು ದಿನ ಬಿಟ್ಟು ನೋಡಿದಾಗ ಸಮೂಹ ಹೆಚ್ಚುಕಡಿಮೆ ಮೊದಲಿನ ಸ್ಥಿತಿಗೆ ಮರಳಿತ್ತು. ಹೇಗೆ? ಮೊಸರಿನ ಪಾತ್ರೆಯನ್ನು ನೆನಪಿಸಿಕೊಳ್ಳಿ. ಎಷ್ಟು ಬಳಿದರೂ ಅಂಚಿನಲ್ಲಿ ಒಂದಿಷ್ಟು ಉಳಿದಿರುತ್ತದೆ. ಅದಕ್ಕೆ ಉಗುರುಬೆಚ್ಚಗಿನ ಹಾಲು ಹೊಯ್ದರೆ ಬೆಳಗಾಗುವಷ್ಟರಲ್ಲಿ ಮತ್ತೆ ಪಾತ್ರೆ ತುಂಬ ಮೊಸರು. ಕರುಳಿನ ಗೋಡೆಯ ಮೇಲೆ ಲೋಳೆಯ ಪದರ ಇದೆ, ಮಡಿಕೆಗಳಿವೆ. ನೀರು ಎಷ್ಟೇ ರಭಸವಾಗಿ ಹೋದರೂ ಅಲ್ಲಿ ಒಂದಿಷ್ಟು ಹೆಪ್ಪು ಉಳಿಯುತ್ತದೆ. ಅದಕ್ಕೆ ಊಟ ಸಿಕ್ಕಿದರೆ ತಾನೇ ಬೆಳೆಯುತ್ತದೆ. ನಮ್ಮ ಅಪೆಂಡಿಕ್ಸ್ ಕೂಡ ಇಂಥ ಹೆಪ್ಪಿನ ಬಟ್ಟಲೇ ಇರಬಹುದು ಎಂದು ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದವರು 2007ರಲ್ಲಿ ಒಂದು ವಾದ ಮುಂದಿಟ್ಟಿದ್ದಾರೆ.

ಆದ್ದರಿಂದ ರವಿಕೆ ಹೊಲಿಯುವಾಕೆಗೆ ನನ್ನ ಉತ್ತರ ಇದು. ನಿನ್ನ ಮೊಬೈಲು ಹೇಳಿದ್ದರಲ್ಲಿ ಮೊದಲ ಅರ್ಧ ನಿಜ, ಎರಡನೆಯ ಅರ್ಧ ಸುಳ್ಳು. ಬ್ಯಾಕ್ಟೀರಿಯಾಗಳು ಹೋಗುತ್ತವೆ, ಹೌದು. ಎರಡು ವಾರದಲ್ಲಿ ಬರುತ್ತವೆ. ಆದರೆ ಕರುಳಿನೊಳಗೆ ಬೆಳೆಯುತ್ತಿರುವ ಗಂಟು ಎರಡು ವಾರದಲ್ಲಿ ತಾನಾಗಿ ಹೋಗುವುದಿಲ್ಲ. ಅಂಥ ಗಂಟು ಕ್ಯಾನ್ಸರ್ ಆಗಲು ಸಾಮಾನ್ಯವಾಗಿ ಹತ್ತು ವರ್ಷ, ಕೆಲವೊಮ್ಮೆ ಇನ್ನೂ ಹೆಚ್ಚು ಬೇಕು. ಆ ಹತ್ತು ವರ್ಷವೇ ನಮಗೆ ಸಿಕ್ಕಿರುವ ಅವಕಾಶ. ಹೀಗೆ ಗಂಟು ತೆಗೆಸಿಕೊಂಡವರನ್ನು ಅಮೆರಿಕದಲ್ಲಿ ಇಪ್ಪತ್ತಕ್ಕೂ ಹೆಚ್ಚು ವರ್ಷ ಗಮನಿಸಿ 2012ರಲ್ಲಿ ಪ್ರಕಟಿಸಿದ ವರದಿಯೊಂದಿದೆ. ಸಾಮಾನ್ಯ ಜನರಲ್ಲಿ ಈ ಕ್ಯಾನ್ಸರಿನಿಂದ ಎಷ್ಟು ಸಾವು ನಿರೀಕ್ಷಿಸಬಹುದೋ ಅದಕ್ಕಿಂತ ನೂರಕ್ಕೆ 53ರಷ್ಟು ಕಡಿಮೆ ಸಾವು ಅವರಲ್ಲಿ ಕಂಡಿತು. ಮತ್ತು ರಕ್ತ ಕಂಡ ಮೇಲೆ ಅದು ಬರೀ ಮೂಲವ್ಯಾಧಿಯೋ ಬೇರೆಯೋ ಎಂದು ಮನೆಯಲ್ಲಿ ಕೂತು ತೀರ್ಮಾನ ಮಾಡುವ ಹಕ್ಕು ನಮಗಿಲ್ಲ. ನನ್ನ ಅಕ್ಕ ಹಾಗೆ ತೀರ್ಮಾನ ಮಾಡಿದ್ದಳು.

ಇನ್ನು ಕಾರ್ಯದರ್ಶಿಯವರ ಪ್ರಶ್ನೆ. ಡಾಕ್ಟರು ತೊಳೆಸಬಹುದಾದರೆ ನಾವೇಕೆ ಬಾರದು?

ಡಾಕ್ಟರು ನನ್ನ ಹೊಟ್ಟೆ ತೊಳೆಸಿದ್ದು ಅದು ಕೊಳಕಾಗಿತ್ತೆಂದಲ್ಲ, ಒಳಗೆ ನೋಡಬೇಕಾಗಿತ್ತೆಂದು. ಬಾವಿಗೆ ಬಿದ್ದ ಒಡವೆ ಹುಡುಕಲು ನೀರೆಲ್ಲ ಎತ್ತಿಸುತ್ತೇವೆ. ಹಾಗೆಂದು ತಿಂಗಳಿಗೊಮ್ಮೆ ಬಾವಿ ಬರಿದು ಮಾಡುವವರುಂಟೇ? 'ಗೋಡೆಗೆ ವರ್ಷಗಟ್ಟಲೆ ಅಂಟಿಕೊಂಡ ಕೊಳೆ' ಎನ್ನುವುದನ್ನೂ ವಿಚಾರಿಸಿದೆ. ಕರುಳಿನ ಒಳಪದರ ಕೆಲವೇ ದಿನಗಳಿಗೊಮ್ಮೆ ಹಳೆಯ ಕೋಶಗಳನ್ನು ಉದುರಿಸಿ ಹೊಸದಾಗುತ್ತಿರುತ್ತದೆ. ವರ್ಷಗಟ್ಟಲೆ ಅಂಟಿಕೊಳ್ಳಲು ಗೋಡೆಯೇ ಹಳೆಯದಲ್ಲ.

ಈ ಕೊಳೆಯ ಮಾತು ಹೊಸದೂ ಅಲ್ಲ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಯೂರೋಪು, ಅಮೆರಿಕಗಳಲ್ಲಿ ಇದೇ ಹುಚ್ಚು ಹಿಡಿದಿತ್ತು. ಕರುಳಿನಲ್ಲಿ ನಿಂತ ಮಲದ ವಿಷ ರಕ್ತಕ್ಕೆ ಸೇರಿ ಸಕಲ ರೋಗವೂ ಬರುತ್ತದೆಂದು ದೊಡ್ಡ ದೊಡ್ಡವರೇ ನಂಬಿದ್ದರು. ಲಂಡನ್ನಿನ ಹೆಸರಾಂತ ಶಸ್ತ್ರವೈದ್ಯ ಆರ್ಬತ್‌ನಾಟ್ ಲೇನ್ ತೊಳೆಸುವುದರಲ್ಲಿ ನಿಲ್ಲಲಿಲ್ಲ, ಮಲಬದ್ಧತೆ ಇದ್ದವರ ದೊಡ್ಡ ಕರುಳನ್ನೇ ಕತ್ತರಿಸಿ ತೆಗೆಯುತ್ತಿದ್ದ. ಆ ಮೇಜಿನ ಮೇಲೆ ಮಲಗಿದವರಲ್ಲಿ ಹೆಂಗಸರೇ ಹೆಚ್ಚು. 1919ರಲ್ಲಿ ವಾಲ್ಟರ್ ಆಲ್ವಾರೆಜ್ ಎಂಬ ಅಮೆರಿಕದ ವೈದ್ಯ ಒಂದು ಸಾದಾ ಪ್ರಶ್ನೆ ಎತ್ತಿದ. ವಿಷ ರಕ್ತಕ್ಕೆ ಸೇರಿದ್ದೇ ನಿಜವಾದರೆ, ಶೌಚಕ್ಕೆ ಹೋಗಿ ಬಂದ ಮರುಕ್ಷಣವೇ ತಲೆಭಾರ ಇಳಿಯುವುದು ಹೇಗೆ? ರಕ್ತದಿಂದ ವಿಷ ಅಷ್ಟು ಬೇಗ ಹೋಗುತ್ತದೆಯೇ? ಅದು ವಿಷವಲ್ಲ, ತುಂಬಿದ ಕರುಳಿನ ಒತ್ತಡ, ಅಷ್ಟೆ. ನೂರು ವರ್ಷದ ಹಿಂದೆ ಮಣ್ಣಾದ ಸಿದ್ಧಾಂತವನ್ನು ಗುಲಾಬಿ ಕಾಗದದ ಮೇಲೆ ಅಚ್ಚು ಹಾಕಿಸಿ ನಮ್ಮ ಮನೆಬಾಗಿಲಿಗೆ ತಂದಿದ್ದಾರೆ.

"ನಮ್ಮ ಆಯುರ್ವೇದದಲ್ಲೇ ಇದೆಯಲ್ಲ" ಎನ್ನುತ್ತೀರಿ. ಇದೆ. ವಿರೇಚನ ಅನ್ನುತ್ತಾರೆ. ಆದರೆ ಶಾಸ್ತ್ರ ಏನು ಹೇಳುತ್ತದೆಂದು ಕೇಳಿದ್ದೀರಾ? ಮೊದಲು ಕೆಲವು ದಿನ ಸ್ನೇಹಪಾನ, ಬೆವರಿಳಿಸುವುದು, ರೋಗಿಯ ಬಲಾಬಲ ನೋಡುವುದು. ಗರ್ಭಿಣಿಗೆ ಕೂಡದು, ನಿಶ್ಶಕ್ತರಿಗೆ ಕೂಡದು. ಬಹಳ ಮುಖ್ಯವಾದದ್ದು ಆಮೇಲಿನದು: ಸಂಸರ್ಜನ ಕ್ರಮ. ಮೊದಲು ತೆಳ್ಳನೆಯ ಗಂಜಿ, ಆಮೇಲೆ ಗಟ್ಟಿ ಗಂಜಿ, ಆಮೇಲೆ ಕಟ್ಟು, ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಊಟಕ್ಕೆ ತರುವುದು. ಬರಿದು ಮಾಡುವುದರಷ್ಟೇ ಎಚ್ಚರ ತುಂಬುವುದರಲ್ಲೂ ಇದೆ. ನಮ್ಮ ಅಜ್ಜಿ ಹರಳೆಣ್ಣೆ ಕುಡಿಸಿದ ದಿನ ಮಕ್ಕಳನ್ನು ಬಿಸಿಲಿಗೆ ಬಿಡುತ್ತಿರಲಿಲ್ಲ, ಗಂಜಿ ಮಜ್ಜಿಗೆ ಬಿಟ್ಟು ಬೇರೆ ಕೊಡುತ್ತಿರಲಿಲ್ಲ. ಐದು ಗಂಟೆಗೆ ಉಪ್ಪುನೀರು, ಹತ್ತು ಗಂಟೆಗೆ ಸಭಾಭವನದಲ್ಲಿ ಪೂರಿ ಸಾಗು, ಇದು ಯಾವ ಆಯುರ್ವೇದ?

ತೊಳೆಯುವುದರಿಂದಲೇ ಗುಣವಾಗುವುದಿಲ್ಲ ಎನ್ನುವುದಕ್ಕೆ ಒಂದು ಒಳ್ಳೆಯ ದೃಷ್ಟಾಂತ ಇದೆ. ಹೇಸಿಗೆ ಪಡದೆ ಓದಿ. ವಿಪರೀತ ಆಂಟಿಬಯಾಟಿಕ್ ತೆಗೆದುಕೊಂಡವರ ಕರುಳಿನಲ್ಲಿ ಒಳ್ಳೆಯ ಬ್ಯಾಕ್ಟೀರಿಯಾಗಳು ನಾಶವಾಗಿ ಕ್ಲಾಸ್ಟ್ರಿಡಿಯಂ ಡಿಫಿಸಿಲಿ ಎಂಬ ಒಂದು ದುಷ್ಟ ಜಾತಿ ಬೀಡು ಬಿಡುವುದುಂಟು. ಭೇದಿ ನಿಲ್ಲುವುದೇ ಇಲ್ಲ, ಸಾಯುವವರೂ ಇದ್ದಾರೆ. ಆಮ್‌ಸ್ಟರ್‌ಡ್ಯಾಮಿನ ವೈದ್ಯರು ಅಂಥ ರೋಗಿಗಳನ್ನು ಮೂರು ಗುಂಪು ಮಾಡಿ ಚಿಕಿತ್ಸೆ ಕೊಟ್ಟು 2013ರಲ್ಲಿ ಫಲಿತಾಂಶ ಪ್ರಕಟಿಸಿದರು. ಬರೀ ಔಷಧ ಕೊಟ್ಟ 13 ಜನರಲ್ಲಿ ಗುಣವಾದವರು 4. ಔಷಧದ ಜೊತೆ ಕರುಳನ್ನೂ ತೊಳೆಸಿದ 13 ಜನರಲ್ಲಿ ಗುಣವಾದವರು 3. ತೊಳೆಸಿ, ಆಮೇಲೆ ಆರೋಗ್ಯವಂತರ ಮಲವನ್ನು ನೀರಿನಲ್ಲಿ ಕದಡಿ ನಳಿಗೆಯಲ್ಲಿ ಒಳಗೆ ಬಿಟ್ಟ 16 ಜನರಲ್ಲಿ 13 ಮಂದಿಗೆ ಒಂದೇ ಸಲಕ್ಕೆ ಗುಣವಾಯಿತು. ನಾವು ಮೂಗು ಮುಚ್ಚಿಕೊಳ್ಳುವ ವಸ್ತು ಅವರಿಗೆ ಜೀವದಾನ ಮಾಡಿತು. ಬರಿದು ಮಾಡಿದ್ದು ಅವರನ್ನು ಉಳಿಸಲಿಲ್ಲ, ಹೆಪ್ಪು ಹಾಕಿದ್ದು ಉಳಿಸಿತು.

ಇನ್ನು ಪದೇ ಪದೇ ತೊಳೆದರೆ? ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರು 2018ರಲ್ಲಿ ಇಲಿಗಳಿಗೆ ಕೆಲವು ದಿನ ಇದೇ ಜಾತಿಯ ಭೇದಿಯ ಔಷಧ ಕುಡಿಸಿ ನೋಡಿದರು. ಕರುಳಿನ ಲೋಳೆಯ ಪದರ ಸವೆಯಿತು. ಔಷಧ ನಿಲ್ಲಿಸಿದ ಮೇಲೆ ಪದರ ಮರಳಿತು, ಆದರೆ ಮೊದಲು ಹೇರಳವಾಗಿದ್ದ ಬ್ಯಾಕ್ಟೀರಿಯಾದ ಒಂದು ಕುಲವೇ ಮರಳಿ ಬರಲಿಲ್ಲ. ಇಲಿ ಬೇರೆ, ಮನುಷ್ಯ ಬೇರೆ, ಒಪ್ಪುತ್ತೇನೆ. ಆದರೆ ಮೊಸರಿನ ಪಾತ್ರೆಯನ್ನು ದಿನವೂ ಸೀಗೆಪುಡಿ ಹಾಕಿ ತಿಕ್ಕಿ, ಬಿಸಿಲಿಗಿಟ್ಟು, ಹಾಲು ಹೆಪ್ಪಾಗಲಿಲ್ಲವೆಂದು ಗೋಳಾಡುವ ಹೆಂಗಸನ್ನು ನೋಡಿದರೆ ನೀವು ಏನನ್ನುತ್ತೀರಿ?

ಬ್ಯಾಕ್ಟೀರಿಯಾ ಹಾಗಿರಲಿ, ನಮ್ಮ ಪ್ರಾಣದ ಮಾತು. ಆಸ್ಪತ್ರೆಯಲ್ಲಿ ಕೊಡುವ ಪುಡಿ ಬರೀ ಉಪ್ಪಲ್ಲ. ಪಾಲಿಎಥಿಲೀನ್ ಗ್ಲೈಕಾಲ್ ಎಂಬ, ಮೈಗೆ ಹೀರಿಕೊಳ್ಳದ ವಸ್ತುವಿಗೆ ಲವಣಗಳನ್ನು ಅಳೆದು ಸೇರಿಸಿರುತ್ತಾರೆ. ಮೈಯ ನೀರೂ ಉಪ್ಪೂ ಏರುಪೇರಾಗದಂತೆ ಇದನ್ನು ಅಮೆರಿಕದ ಜಾನ್ ಫೋರ್ಡ್‌ಟ್ರಾನ್ ಮತ್ತು ಸಂಗಡಿಗರು 1980ರಲ್ಲಿ ರೂಪಿಸಿದರು. ಅದಕ್ಕೆ ಮೊದಲು ಮ್ಯಾನಿಟಾಲ್ ಎಂಬ ಸಕ್ಕರೆಯಂಥ ವಸ್ತು ಕುಡಿಸುತ್ತಿದ್ದರು. ಕರುಳಿನ ಬ್ಯಾಕ್ಟೀರಿಯಾಗಳು ಅದನ್ನು ಹುಳಿಬರಿಸಿ ಹೈಡ್ರೋಜನ್ ಅನಿಲ ಮಾಡಿ, ಗಂಟು ಕತ್ತರಿಸುವಾಗ ವಿದ್ಯುತ್ ಕಿಡಿ ತಾಗಿ ಕರುಳೇ ಸಿಡಿದು ರೋಗಿ ಸತ್ತದ್ದನ್ನು 1979ರಲ್ಲಿ ಫ್ರಾನ್ಸಿನ ವೈದ್ಯರು ವರದಿ ಮಾಡಿದ್ದಾರೆ. ಸೋಡಿಯಂ ಫಾಸ್ಫೇಟ್ ಎಂಬ ಇನ್ನೊಂದು ಔಷಧ ಕೆಲವರ ಮೂತ್ರಪಿಂಡವನ್ನೇ ಕೆಡಿಸಿತೆಂದು ಅಮೆರಿಕದ ಸರ್ಕಾರಿ ಔಷಧ ಇಲಾಖೆ 2008ರಲ್ಲಿ ಎಚ್ಚರಿಕೆ ಕೊಟ್ಟಿತು. ತಿಳಿದವರ ಕೈಯಲ್ಲೇ ಇಷ್ಟೆಲ್ಲ ಆಗಿರುವಾಗ, ಬಿ.ಪಿ., ಸಕ್ಕರೆ ಮಾತ್ರೆ ನುಂಗುವ ನಮ್ಮ ವಯಸ್ಸಿನ ಹೆಂಗಸರಿಗೆ ಅಳತೆಯಿಲ್ಲದ ಉಪ್ಪುನೀರು, ಹೆಸರಿಲ್ಲದ ಪುಡಿ! ಶಿಬಿರದಲ್ಲಿ ಯಾರಾದರೂ ತಲೆತಿರುಗಿ ಬಿದ್ದರೆ ಕರಪತ್ರದ ಮೇಲಿನ ಫೋನು ಯಾರು ಎತ್ತುತ್ತಾರೆ?

ಮಲಬದ್ಧತೆ ನಮ್ಮಲ್ಲಿ ಇಲ್ಲವೆಂದು ನಾನು ಹೇಳುತ್ತಿಲ್ಲ. ಮನೆಮನೆಯಲ್ಲೂ ಇದೆ. ಅದೇಕೆ ಎಂದು ಕೇಳಿ. ನಾನು ಕೆಲಸಕ್ಕೆ ಸೇರಿದ ಶಾಲೆಯಲ್ಲಿ ಶಿಕ್ಷಕಿಯರಿಗೆ ಶೌಚಾಲಯವಿರಲಿಲ್ಲ. ಬೆಳಿಗ್ಗೆ ಒಂಬತ್ತರಿಂದ ಸಂಜೆ ಐದರ ತನಕ ಬಿಗಿಹಿಡಿದು ಕೂತೆವು. ನೀರು ಕುಡಿದರೆ ಹೋಗಬೇಕಾಗುತ್ತದೆಂದು ನೀರೇ ಕುಡಿಯಲಿಲ್ಲ. ಬಸ್ಸಿನಲ್ಲಿ ದೂರ ಹೋಗುವ ಹೆಂಗಸು ಹಿಂದಿನ ರಾತ್ರಿಯಿಂದಲೇ ಉಪವಾಸ. ಮನೆಯಲ್ಲಾದರೂ ಬೆಳಿಗ್ಗೆ ಗಂಡ, ಮಕ್ಕಳು, ಮಾವ ಎಲ್ಲರದೂ ಆದ ಮೇಲೆ ಇವಳ ಸರದಿ. ಅಷ್ಟರಲ್ಲಿ ಕರೆ ಬಂದದ್ದು ಹೋಗಿರುತ್ತದೆ. ಎಲ್ಲರಿಗೂ ಸೊಪ್ಪಿನ ಹುಳಿ ಬಡಿಸಿ, ಕೊನೆಗೆ ತಳದ ತಿಳಿಸಾರಿನಲ್ಲಿ ಅನ್ನ ಕಲಸಿ ಉಣ್ಣುವವಳಿಗೆ ನಾರು ಎಲ್ಲಿಂದ ಬರಬೇಕು? ಮಹಿಳಾ ಸಮಾಜಕ್ಕೆ ನಿಜವಾಗಿ ನಮ್ಮ ಹೊಟ್ಟೆಯ ಮೇಲೆ ಕಾಳಜಿ ಇದ್ದರೆ ಬಸ್‌ಸ್ಟ್ಯಾಂಡಿನ ಹೆಂಗಸರ ಶೌಚಾಲಯಕ್ಕೆ ಬಾಗಿಲು ಹಾಕಿಸಲಿ, ನೀರು ಬಿಡಿಸಲಿ. ಅರ್ಜಿ ಬರೆದುಕೊಡಲು ನಾನು ತಯಾರು.

ಕಡೆಯ ಮಾತು ಡಾಕ್ಟರಿಗೆ. "ನಿಮಗ್ಯಾಕಮ್ಮಾ" ಎಂದಿರಲ್ಲ, ಏಕೆಂದು ಹೇಳುತ್ತೇನೆ. ಔಷಧವನ್ನು ಒಂದೇ ಸಂಜೆ ಕುಡಿಯುವುದಕ್ಕಿಂತ ಅರ್ಧ ಹಿಂದಿನ ಸಂಜೆ, ಅರ್ಧ ಪರೀಕ್ಷೆಯ ದಿನ ಬೆಳಗಿನ ಜಾವ ಎಂದು ಎರಡು ಕಂತಿನಲ್ಲಿ ಕುಡಿದರೆ ಕರುಳು ಹೆಚ್ಚು ಸ್ವಚ್ಛವಾಗಿ ಕಾಣುತ್ತದೆಂದು ಅಮೆರಿಕದ ತಜ್ಞ ವೈದ್ಯರ ಸಂಘಗಳು 2014ರಲ್ಲೇ ಶಿಫಾರಸು ಮಾಡಿವೆ. ನಾನು ಮೇಲೆ ಹೇಳಿದ 23 ಮಂದಿಯ ಅಧ್ಯಯನದಲ್ಲೂ ಎರಡು ಕಂತಿನಲ್ಲಿ ಕುಡಿದವರ ಬ್ಯಾಕ್ಟೀರಿಯಾ ಸಮೂಹಕ್ಕೆ ಆದ ಏಟು ಒಂದೇ ಸಲ ಕುಡಿದವರಿಗಿಂತ ಕಡಿಮೆ. ನನ್ನ ಪರೀಕ್ಷೆ ಇದ್ದದ್ದು ಮಾರನೆಯ ದಿನ ಮಧ್ಯಾಹ್ನ ಹನ್ನೆರಡಕ್ಕೆ. ನನಗೆ ಎರಡು ಕಂತು ಕೊಡಬಹುದಾಗಿತ್ತು, ಕೊಡಲಿಲ್ಲ. ನೀವು ಬರೆದುಕೊಟ್ಟ ಕ್ಯಾಪ್ಸೂಲಿನ ಬಗ್ಗೆಯೂ ವಿಚಾರಿಸಿದೆ. ಇಸ್ರೇಲಿನ ವೈಜ್‌ಮನ್ ಸಂಸ್ಥೆಯವರು 2018ರಲ್ಲಿ, ಆಂಟಿಬಯಾಟಿಕ್ ತೆಗೆದುಕೊಂಡವರಿಗೆ ಇಂಥ ಕ್ಯಾಪ್ಸೂಲು ಕೊಟ್ಟು ನೋಡಿದಾಗ, ಅವರ ಸ್ವಂತ ಬ್ಯಾಕ್ಟೀರಿಯಾಗಳು ಮರಳಿ ಬರುವುದು ತಡವಾಯಿತಂತೆ. ಹೊರಗಿನವರು ಬಂದು ಜಗುಲಿಯಲ್ಲಿ ಕೂತರೆ ಮನೆಯವರು ಒಳಗೆ ಬರುವುದು ಹೇಗೆ? ಆಂಟಿಬಯಾಟಿಕ್ಕಿನ ಮಾತು ಬೇರೆ, ತೊಳೆದದ್ದರ ಮಾತು ಬೇರೆ ಎನ್ನಬಹುದು ನೀವು. ಸರಿ, ಅದನ್ನೇ ಕೂರಿಸಿಕೊಂಡು ಹೇಳಿ. ಎರಡು ನಿಮಿಷ ಸಾಕು. ನೀವು ಕೊಡದ ಆ ಎರಡು ನಿಮಿಷದ ಜಾಗಕ್ಕೆ ಮೊಬೈಲು ಬಂದು ಕೂತಿದೆ, ಗುಲಾಬಿ ಕರಪತ್ರ ಬಂದು ಕೂತಿದೆ.

ನಾನು ಆ ಕ್ಯಾಪ್ಸೂಲು ನುಂಗಲಿಲ್ಲ. ಮೊದಲ ದಿನ ಗಂಜಿ, ಮಜ್ಜಿಗೆ. ಮಾರನೆಯ ದಿನ ಮೆತ್ತಗಿನ ಮೊಸರನ್ನ, ಬಾಳೆಹಣ್ಣು. ಮೂರನೆಯ ದಿನದಿಂದ ಸ್ವಲ್ಪ ಸ್ವಲ್ಪವಾಗಿ ಸೊಪ್ಪು, ಬೇಳೆ, ಬಾಳೆದಿಂಡಿನ ಪಲ್ಯ, ವಾರದ ಕೊನೆಗೆ ರಾಗಿ ಮುದ್ದೆ. ನಾಲ್ಕೈದು ದಿನ ಹೊಟ್ಟೆ ಗುಡುಗುಡು ಅಂದಿತು, ಆಮೇಲೆ ತನ್ನ ಪಾಡಿಗೆ ತಾನು ಸರಿಹೋಯಿತು. ಇನ್ನು ಕೆಲವು ವರ್ಷಕ್ಕೆ ಮತ್ತೆ ಒಮ್ಮೆ ಪರೀಕ್ಷೆ ಮಾಡಿಸಬೇಕು. ಮಾಡಿಸುತ್ತೇನೆ. ಎರಡು ಕಂತಿನಲ್ಲಿ ಕೊಡಿ ಎಂದು ನಾನೇ ಕೇಳುತ್ತೇನೆ. ನೀವೂ ಕೇಳಿ.

ಗುಲಾಬಿ ಕರಪತ್ರವನ್ನು ಕಾರ್ಯದರ್ಶಿಯವರಿಗೆ ಹಿಂದಕ್ಕೆ ಕೊಟ್ಟುಬಂದೆ. ಹಿಂಬದಿಯಲ್ಲಿ ಬಸ್‌ಸ್ಟ್ಯಾಂಡಿನ ಶೌಚಾಲಯದ ಅರ್ಜಿಯ ಕರಡು ಬರೆದಿದ್ದೇನೆ. ಮುಖ ಗಂಟಿಕ್ಕಿಕೊಂಡರು, ಆದರೆ ಹರಿದು ಹಾಕಲಿಲ್ಲ. ಬರುವ ಗುರುವಾರ ರವಿಕೆ ಹೊಲಿಯುವಾಕೆಯ ಪರೀಕ್ಷೆ. ಬುಧವಾರ ಸಂಜೆಯಿಂದ ಅವಳ ಮನೆಯಲ್ಲಿ ಗಡಿಯಾರ ಹಿಡಿದು ಲೋಟ ಲೆಕ್ಕ ಹಾಕುವವಳು ನಾನೇ. ಬೈದರೆ ಬೈಸಿಕೊಳ್ಳುತ್ತೇನೆ. ಅಕ್ಕನ ಪಕ್ಕದಲ್ಲಿ ಹೀಗೆ ಯಾರೂ ಕೂರಲಿಲ್ಲ.